ಮೈಕಿಗೊಂದು ಬೆನ್ನಿದೆ

ಯಕ್ಷಗಾನದ ಆಟಕ್ಕೆ ಹೋದರೆ ನಾನು ವೇಷ ಕಟ್ಟುವ ಚೌಕಿಗಿಂತ ಮೊದಲು ಇಣುಕುವುದು ಭಾಗವತರ ಮುಂದಿನ ಮೈಕಿನ ಕಡೆಗೆ. ಯಾವ ಕಂಪನಿಯದು, ಎಷ್ಟು ಬೆಲೆಯದು ಎಂಬುದು ಆಮೇಲಿನ ಮಾತು. ಅದರ ಬೆನ್ನು ಯಾವ ದಿಕ್ಕಿಗಿದೆ? ಚೆಂಡೆಯ ದಿಕ್ಕಿಗಿದ್ದರೆ ಇವತ್ತು ಪದದ ಸಾಹಿತ್ಯ ಕಿವಿಗೆ ಬಿದ್ದೀತು ಎಂಬ ಧೈರ್ಯದಲ್ಲಿ ಕುರ್ಚಿ ಹಿಡಿಯುತ್ತೇನೆ. ವೇದಿಕೆಯ ಮೈಕಿನ ಜಾಣತನವೆಲ್ಲ ಯಾವುದನ್ನು ಕೇಳಿಸಿಕೊಳ್ಳಬಾರದು ಎಂಬುದರಲ್ಲಿದೆ.

ಸುತ್ತಲಿಂದ ಬಂದದ್ದನ್ನೆಲ್ಲ ಒಂದೇ ಸಮ ಒಳಗೆ ಬಿಟ್ಟುಕೊಳ್ಳುವ ಮೈಕುಗಳಿವೆ, ಅವು ಓಮ್ನಿ. ಹಾಡುವವರ ಕೈಗೆ ಬರುವುದು ಹೆಚ್ಚಾಗಿ ಕಾರ್ಡಿಯಾಯ್ಡ್. ಇದರ ಪೊರೆಯ ಹಿಂದುಗಡೆಯೂ ಕಿಂಡಿಗಳಿರುತ್ತವೆ. ಬೆನ್ನ ಕಡೆಯಿಂದ ಬಂದ ಸದ್ದು ಆ ಕಿಂಡಿಯೊಳಗೆ ತುಸು ತಡವಾಗಿ ಸಾಗುವಂತೆ ದಾರಿ ಮಾಡಿರುತ್ತಾರೆ. ಅಷ್ಟರಲ್ಲಿ ಅದೇ ಸದ್ದು ಮೈಕನ್ನು ಬಳಸಿಕೊಂಡು ಮುಂದಿನಿಂದಲೂ ಬಂದು ಮುಟ್ಟುತ್ತದೆ. ಎರಡೂ ಬದಿಯಿಂದ ಒಮ್ಮೆಲೇ ಒತ್ತಿದಾಗ ಪೊರೆ ಅಲುಗುವುದಿಲ್ಲ, ಸದ್ದು ಅಲ್ಲೇ ಸಾಯುತ್ತದೆ. ಒಂದೇ ಪೊರೆಯಲ್ಲಿ ಈ ಉಪಾಯವನ್ನು ಸಾಧಿಸಿದ್ದು ಅಮೆರಿಕದ ಶೂರ್ ಕಂಪನಿಯ ಎಂಜಿನಿಯರ್ ಬೆಂಜಮಿನ್ ಬಾವರ್. ಅದರ ಫಲವಾದ ಯುನಿಡೈನ್ ಮೈಕ್ 1939ರಲ್ಲಿ ಬಂತು. ಇವತ್ತಿಗೂ ಮೈಕಿನವರ ಪೆಟ್ಟಿಗೆಯಲ್ಲಿ ಕಾಣುವ ಎಸ್‌ಎಂ58 ಆ ವಂಶದ್ದೇ, 1966ರದ್ದು.

ಆರ್ಕೆಸ್ಟ್ರಾದ ಹುಡುಗರು ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದು ಹಾಡುವುದನ್ನು ನೀವು ನೋಡಿರುತ್ತೀರಿ. ಹಾಗೆ ಹಿಡಿದರೆ ಹಿಂದಿನ ಕಿಂಡಿ ಮುಚ್ಚಿಹೋಗುತ್ತದೆ, ಬೆನ್ನು ಇಲ್ಲವಾಗುತ್ತದೆ, ಸ್ಪೀಕರಿನ ಸದ್ದು ಮತ್ತೆ ಒಳನುಗ್ಗಿ ಕುಂಯ್ ಎಂದು ಕೂಗು ಏಳುತ್ತದೆ. ಬೈಗುಳ ಮಾತ್ರ ಸೌಂಡಿನವನಿಗೆ. ಸೂಪರ್ ಕಾರ್ಡಿಯಾಯ್ಡ್ ಇನ್ನೂ ಕಿರಿದಾಗಿ ಕೇಳುತ್ತದೆ, ಆದರೆ ನೇರ ಹಿಂದೆ ಅದಕ್ಕೆ ಸಣ್ಣದೊಂದು ಕಿವಿಯಿದೆ. ಪೂರ್ತಿ ಕಿವುಡಾಗುವುದು ಹಿಂಬದಿಯ ಓರೆಯಲ್ಲಿ. ಮಾನಿಟರ್ ಸ್ಪೀಕರನ್ನು ಕಾರ್ಡಿಯಾಯ್ಡಿಗೆ ನೇರ ಬೆನ್ನ ಹಿಂದೆ ಇಡಬೇಕು, ಸೂಪರ್ ಕಾರ್ಡಿಯಾಯ್ಡಿಗೆ ಓರೆಯಲ್ಲಿ ಇಡಬೇಕು. ದುಬಾರಿ ಮೈಕ್ ತಂದೂ ಹಳೆಯ ಜಾಗದಲ್ಲೇ ಮಾನಿಟರ್ ಇಟ್ಟು ಪರದಾಡುವವರಿದ್ದಾರೆ.

ಉಡುಪಿಯ ನಮ್ಮ ಕಡಿಯಾಳಿಯಂಥ ಊರಿನಲ್ಲಿ ಮೈಕಿನ ನಿಜವಾದ ಪರೀಕ್ಷೆ ತಾಳಮದ್ದಲೆ. ಒಂದು ಬದಿಗೆ ಮಲ್ಪೆಯಿಂದ ಮಣಿಪಾಲದತ್ತ ಹೋಗುವ ಹೆದ್ದಾರಿ, ಬಸ್ಸುಗಳ ಹಾರ್ನು. ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ನಾಲ್ಕೈದು ಮಂದಿ ಅರ್ಥಧಾರಿಗಳಿಗೆ ತಲಾ ಒಂದು ಮೈಕ್ ಕೊಟ್ಟು ಎಲ್ಲವನ್ನೂ ತೆರೆದಿಡುವುದು ರೂಢಿ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗು ಏಳದಂತೆ ಏರಿಸಬಹುದಾದ ಧ್ವನಿ 3 ಡೆಸಿಬಲ್ ಕಡಿಮೆಯಾಗುತ್ತದೆ. ಕೃಷ್ಣ ಸಂಧಾನದಲ್ಲಿ ಕೌರವ ಮಾತಾಡುವಾಗ ಭೀಮನ ಮೈಕಿಗೇನು ಕೆಲಸ? ಇಳಿಸಿಡಬೇಕು. ಪ್ರಸಂಗ ಗೊತ್ತಿರುವ ಆಪರೇಟರ್ ಇಳಿಸುತ್ತಾನೆ, ಭೀಮ ಎದ್ದೇಳುವ ಹೊತ್ತಿಗೆ ಸರಿಯಾಗಿ ಏರಿಸುತ್ತಾನೆ. ಅವನೂ ಹಿಮ್ಮೇಳದವನೇ ಎಂದು ನನ್ನ ಲೆಕ್ಕ. ಅರ್ಥಧಾರಿಗಳದ್ದೂ ಒಂದು ತಪ್ಪಿದೆ: ವಾದ ಬಿಸಿಯಾದಂತೆ ಎದುರಾಳಿಯತ್ತ ಮುಖ ತಿರುಗಿಸುತ್ತಾರೆ, ಮೈಕ್ ಎದೆಯ ಮುಂದೆ ಅನಾಥವಾಗಿ ಉಳಿಯುತ್ತದೆ. ಸ್ಟ್ಯಾಂಡನ್ನು ಮೊದಲೇ ಎದುರಾಳಿಯ ಕಡೆಗೆ ಸರಿಸಿಟ್ಟರೆ ಮುಗಿಯಿತು. ಕೆಲವರು ಮೈಕನ್ನು ತುಟಿಗೆ ತಾಗಿಸಿಕೊಳ್ಳುವುದು ಗೊತ್ತಿದ್ದೇ: ಕಾರ್ಡಿಯಾಯ್ಡಿನ ಹತ್ತಿರ ಬಂದಷ್ಟೂ ಮಂದ್ರ ದಪ್ಪವಾಗುತ್ತದೆ, ಸಾಧಾರಣ ಗಂಟಲೂ ರಾವಣನಾಗುತ್ತದೆ. ಆದರೆ ಆ ದಪ್ಪದಲ್ಲಿ ವ್ಯಂಜನಗಳು ಮುಳುಗುತ್ತವೆ. ಅರ್ಧ ಗೇಣು ದೂರ ಸಾಕು.

ಆಟದಲ್ಲಿ ಕಷ್ಟ ಬೇರೆ. ವೇಷಧಾರಿ ರಂಗವಿಡೀ ಸುತ್ತುತ್ತಾನೆ. ದೂರ ಇಮ್ಮಡಿಯಾದರೆ ಬಯಲಿನಲ್ಲಿ ಸದ್ದು 6 ಡೆಸಿಬಲ್ ಇಳಿಯುತ್ತದೆ; ಮೇಲಿನಿಂದ ತೂಗುಬಿಟ್ಟ ಕಂಡೆನ್ಸರ್ ಮೈಕಿಗೆ ಅವನ ಮಾತಿಗಿಂತ ಗೆಜ್ಜೆ ಹೆಚ್ಚು. ಕಾಲರ್ ಮೈಕ್ ಸಿಕ್ಕಿಸೋಣವೆಂದರೆ ಎಲ್ಲಿಗೆ? ಎದೆಪದಕ, ಭುಜಕೀರ್ತಿ, ಗಡ್ಡ, ಮೇಲಿಂದ ಹರಿಯುವ ಬೆವರು. ಸಾಲದ್ದಕ್ಕೆ ಈ ಮೈಕುಗಳು ಸಾಮಾನ್ಯವಾಗಿ ಓಮ್ನಿ. ಚೆಂಡೆ ಎಲ್ಲಿದ್ದರೂ ಒಳಗೆ ಬರುತ್ತದೆ. ರಂಗದ ಮುಂಚೂಣಿಯಲ್ಲಿ ನಿಲ್ಲಿಸಿದ ಎರಡು ಒಳ್ಳೆಯ ಕಾರ್ಡಿಯಾಯ್ಡ್, ಅವುಗಳ ಬುಡಕ್ಕೆ ಬಂದು ಅರ್ಥ ಹೇಳುವ ಕಲಾವಿದನ ಶಿಸ್ತು: ಬೇರೆ ಯಾವ ಏರ್ಪಾಡನ್ನೂ ನಾನು ಇದಕ್ಕಿಂತ ಮೇಲೆಂದು ಒಪ್ಪಿಲ್ಲ.

ಇನ್ನು ಚೆಂಡೆಗೆ ಮೈಕ್. ಹತ್ತಿರದ ಮೈದಾನದ ಆಟಕ್ಕೆ ಇದು ಬೇಡವೇ ಬೇಡ, ಮಾರಾಯ್ರೆ. ಮೈಕಿಲ್ಲದ ಕಾಲದಲ್ಲಿ ಮೂರು ಊರಿನಾಚೆಯ ಜನರನ್ನು ಆಟಕ್ಕೆ ಕರೆದ ವಾದ್ಯವದು. ಮೈಕ್ ಬೇಕಾದದ್ದು ಮದ್ದಲೆಗೆ, ಅದೂ ಎರಡೂ ಮುಖದ ನಾದ ಸಿಗುವಷ್ಟು ಎಡೆಬಿಟ್ಟು. ಮದ್ದಲೆ ಮಸುಕಾಗಿ ಚೆಂಡೆ ಮಾತ್ರ ಮೊರೆಯುವ ಆಟಗಳೇ ಈಗ ಹೆಚ್ಚು. ಅದರ ಮೇಲೆ ಭಾಗವತರ ದನಿಗೆ ಎಕೋ ಬೇರೆ. ಒಂದು ಅಕ್ಷರದ ಬಾಲ ಇನ್ನೊಂದರ ತಲೆಗೆ ಸುತ್ತಿಕೊಂಡರೆ ಅದು ಭಾಮಿನಿಯೋ ವಾರ್ಧಕವೋ ತಿಳಿಯುವುದು ಹೇಗೆ?

ಧ್ವನಿಮುದ್ರಣದಲ್ಲಿ ಈ ಜಗಳವೇ ಇಲ್ಲ. ಅಲ್ಲಿ ಸ್ಪೀಕರ್ ಇಲ್ಲ, ಹಾಗಾಗಿ ಮೈಕಿಗೆ ಕಿವುಡುತನದ ಹಂಗಿಲ್ಲ. 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ ಬೇಡುವ ಕಂಡೆನ್ಸರ್ ತನ್ನ ಹಗುರ ಪೊರೆಯಿಂದ ಉಸಿರನ್ನೂ ಹಿಡಿಯುತ್ತದೆ. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಸೇರಿ ಹಾಡುಗಾರ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯವನ್ನು ಮುದ್ರಿಸಿಕೊಂಡರು. ಪುಸ್ತಕವಾದಾಗ ಅದು 15,683 ಸಾಲು. ಅಂಥ ಕೆಲಸಕ್ಕೆ ಬೇಕಾದದ್ದು ಎಲ್ಲವನ್ನೂ ಕೇಳುವ ಮೈಕ್. ಇಲ್ಲೇ ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರ, 1976ರಲ್ಲಿ ಆರಂಭವಾದ ಆಕಾಶವಾಣಿಯ ಮಂಗಳೂರು ನಿಲಯ, ಇವೆರಡೂ ನಮ್ಮ ಕರಾವಳಿಯ ದನಿಗಳನ್ನು ಹೀಗೆ ಹಿಡಿದಿಟ್ಟ ಜಾಗಗಳು.

ಮೈಕನ್ನು ದೂರುವ ಹಿರಿಯರ ಮಾತಿಗೆ ನಾನು ಪೂರ್ತಿ ತಲೆದೂಗಲಾರೆ. ಏರುಶ್ರುತಿಯಲ್ಲಿ ರಾತ್ರಿಯಿಡೀ ಹಾಡಿ ಗಂಟಲು ಒಡೆದುಕೊಂಡ ಭಾಗವತರೂ ಇದ್ದರಲ್ಲ? ಮೈಕ್ ಬಂದ ಮೇಲೆ ಕರುಣರಸದ ಪದವನ್ನು ಇಳಿದನಿಯಲ್ಲಿ ಹಾಡಿಯೂ ಕೊನೆಯ ಸಾಲಿಗೆ ಮುಟ್ಟಿಸಬಹುದಾಯಿತು. 1990ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಕಂಠ ಇವತ್ತಿನವರಿಗೂ ಸಿಕ್ಕಿದ್ದು ಮೈಕ್, ಕ್ಯಾಸೆಟ್ಟುಗಳ ದೆಸೆಯಿಂದ. ಈಗ ಶಬ್ದಮಾಲಿನ್ಯದ 2000ದ ನಿಯಮ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನ ಧ್ವನಿವರ್ಧಕಕ್ಕೆ ತಡೆ ಹಾಕಿದೆ, ಆಟಗಳು ಕಾಲಮಿತಿಗೆ ಇಳಿದಿವೆ. ಇರುವ ನಾಲ್ಕೈದು ಗಂಟೆಯಲ್ಲಿ ಅರ್ಧ ಗಂಟೆಯನ್ನು ‘ಹಲೋ, ಮೈಕ್ ಟೆಸ್ಟಿಂಗ್’ ತಿಂದರೆ ಹೇಗೆ? ಸಂಘಟಕರು ಮೈಕಿನವರನ್ನು ಸಂಜೆ 4ಕ್ಕೇ ಕರೆಸಲಿ. ಚೆಂಡೆಯವರನ್ನೂ ಜೊತೆಗೆ ಕೂರಿಸಿ, ಖಾಲಿ ಕುರ್ಚಿಗಳೆದುರು ಒಂದು ಪದ ಹಾಡಿಸಿ ನೋಡಲಿ.