ಬಂಧುವಾಚಕಗಳೂ ವಚನಾರ್ಥವೂ

ಪದದ ಅರ್ಥವನ್ನು ನಿಘಂಟಿನಲ್ಲಿ ಅರಸುವುದು ವಾಡಿಕೆ. ಬಂಧುವಾಚಕಗಳ ಅರ್ಥ ಮಾತ್ರ ಮನೆಯಲ್ಲಿದೆ, ಮದುವೆಯ ಕಟ್ಟಳೆಯಲ್ಲಿದೆ. ಇದನ್ನು ಶಾಸ್ತ್ರೀಯವಾಗಿ ಎತ್ತಿ ತೋರಿದ ಆದ್ಯಗ್ರಂಥವೆಂದರೆ, ಅಮೆರಿಕದ ನ್ಯಾಯವಾದಿ ಲೂಯಿಸ್ ಹೆನ್ರಿ ಮಾರ್ಗನ್ ರಚಿಸಿ 1871ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಹೊರತಂದ, ಮಾನವಕುಲದ ರಕ್ತಸಂಬಂಧ ವಿವಾಹಸಂಬಂಧಗಳ ಪದ್ಧತಿಗಳನ್ನು ಕುರಿತ ಬೃಹತ್ಕೃತಿ. ಅದರ ಕೋಷ್ಟಕಗಳಲ್ಲಿ ಕನ್ನಡದ ಪದಗಳೂ ಸೇರಿವೆ. ವಚನಗಳ ಅಭ್ಯಾಸಿಗೆ ಅದು ಎಷ್ಟರಮಟ್ಟಿಗೆ ಕೈಹಿಡಿಯುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ವಿಚಾರಿಸಬೇಕಾಗಿದೆ.

ನ್ಯೂಯಾರ್ಕ್ ಪ್ರಾಂತದ ಸೆನೆಕ ಜನರಲ್ಲಿ ತಂದೆಯ ಸಹೋದರನೂ ತಂದೆ, ತಾಯಿಯ ಸಹೋದರಿಯೂ ತಾಯಿ. ಅವರ ಮಕ್ಕಳೆಲ್ಲ ಒಡಹುಟ್ಟಿದವರು. ತಾಯಿಯ ಸಹೋದರನಿಗೂ ತಂದೆಯ ಸಹೋದರಿಗೂ ಬೇರೆ ಹೆಸರು. 1859ರಲ್ಲಿ ಅರ್ಕಾಟಿನ ಪಾದ್ರಿ ಸ್ಕಡರ್ ಒದಗಿಸಿದ ತಮಿಳು ಪದಗಳಲ್ಲಿ ಇದೇ ವಿಂಗಡಣೆಯನ್ನು ಕಂಡು ಮಾರ್ಗನ್ ಬೆರಗಾದನು. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂದು ಕರೆಯುತ್ತ ಬೆಳೆದ ನಮಗೆ ಇದರಲ್ಲಿ ಬೆರಗೇನು? ಬೆರಗಾಗಬೇಕಾದದ್ದು ಚಿಕ್ಕಪ್ಪನನ್ನೂ ಸೋದರಮಾವನನ್ನೂ ಒಂದೇ ‘ಅಂಕಲ್’ ಶಬ್ದದಲ್ಲಿ ಅಡಗಿಸುವ ಇಂಗ್ಲಿಷನ್ನು ಕಂಡು!

ಈ ಸಾಮ್ಯದಿಂದಲೇ ಅಮೆರಿಕದ ಮೂಲನಿವಾಸಿಗಳು ಏಷ್ಯದಿಂದ ಹೋದವರೆಂದು ಮಾರ್ಗನ್ ಸಾಧಿಸಹೊರಟನು. ಅವರ ಮೂಲ ಏಷ್ಯವೆಂಬುದು ನಿಜ. ಆದರೆ ಈ ಸಾಕ್ಷ್ಯದಿಂದ ಅದು ಸಿದ್ಧವಾಗುವುದಿಲ್ಲ. ಇನ್ನೂ ದೊಡ್ಡ ದೋಷವೆಂದರೆ, ಹಲವರನ್ನು ಒಂದೇ ಹೆಸರಿನಲ್ಲಿ ಸೇರಿಸುವ ಪದ್ಧತಿಯನ್ನು ಅನಾಗರಿಕತೆಯ ಮೆಟ್ಟಿಲಲ್ಲಿ ಕೂರಿಸಿ, ಯುರೋಪಿನ ಪದ್ಧತಿಯನ್ನು ಶಿಖರಕ್ಕೇರಿಸಿದ್ದು. ಎಲ್ಲ ಭಾಷೆಗಳೂ ಹೀಗೆ ಸೇರಿಸುವವೇ, ಇಂಗ್ಲಿಷೂ ಇದಕ್ಕೆ ಹೊರತಲ್ಲವೆಂದು 1909ರಲ್ಲಿ ಕ್ರೋಬರ್ ಖಂಡಿಸಿದ್ದು ಉಚಿತವಾಗಿಯೇ ಇದೆ.

ಸೆನೆಕ ಪದ್ಧತಿಯೂ ನಮ್ಮದೂ ಪೂರ್ತಿ ಒಂದಲ್ಲವೆಂಬುದನ್ನು 1964ರಲ್ಲಿ ಲೌನ್ಸ್‌ಬರಿ ಮಾರ್ಗನ್ನನ ಸಾಮಗ್ರಿಯಿಂದಲೇ ತೋರಿಸಿದನು. ತಂದೆಯ ಸೋದರತ್ತೆಯ ಮಗನು ತಂದೆಗೆ ಭಾವನೋ ಮೈದುನನೋ ಆಗುವುದರಿಂದ ನಮಗೆ ಮಾವನಾಗುತ್ತಾನೆ; ಸೆನೆಕರಲ್ಲಿ ಅವನು ತಂದೆಯ ಸಾಲಿಗೇ ಸೇರುತ್ತಾನೆ. ನಮ್ಮಲ್ಲಿ ಸೋದರಿಕೆಯ ಮದುವೆಯುಂಟು, ಅವರಲ್ಲಿ ಅದು ಪದ್ಧತಿಯಾಗಿಲ್ಲ. ಆದ್ದರಿಂದಲೇ ತಂದೆಯ ತಂಗಿಯೂ ಗಂಡನ ತಾಯಿಯೂ ಕನ್ನಡದಲ್ಲಿ ‘ಅತ್ತೆ’. ಸೋದರಮಾವನನ್ನೇ ವರಿಸಿದ ಹುಡುಗಿಗಂತೂ ತಾಯಿಯ ತಾಯಿಯೇ ಅತ್ತೆಯಾಗಿಬಿಡುತ್ತಾಳೆ.

ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದರಲ್ಲಿ ಮಾಯೆ ಅತ್ತೆಯಾಗಿದ್ದಾಳೆ, ಸಂಸಾರ ಮಾವನಾಗಿದ್ದಾನೆ, ಕರ್ಮ ಗಂಡನಾಗಿದ್ದಾನೆ. ಅಲ್ಲಿನ ಅತ್ತೆ ಗಂಡನ ತಾಯಿಯೆಂಬುದರಲ್ಲಿ ಸಂಶಯವಿಲ್ಲ, ಎ.ಕೆ. ರಾಮಾನುಜನ್ ಅವರು 1973ರ ತಮ್ಮ ಅನುವಾದ ಸಂಕಲನದಲ್ಲಿ ಆ ಅರ್ಥವನ್ನೇ ಹಿಡಿದದ್ದು ಸರಿಯೇ. ಆದರೂ ಏನೋ ಕಳೆದುಹೋಗಿದೆ. ಇಂಗ್ಲಿಷಿನ ಶಬ್ದ ಕಾನೂನಿನಿಂದ ತಾಯಿಯಾದವಳನ್ನು, ಎಂದರೆ ಹೊರಗಿನವಳನ್ನು, ಸೂಚಿಸುತ್ತದೆ. ಕನ್ನಡದ ‘ಅತ್ತೆ’ ಹುಟ್ಟಿದಾರಭ್ಯ ತೊಡೆಯ ಮೇಲೆ ಆಡಿಸಿದವಳೂ ಆಗಬಲ್ಲಳು. ಮಾಯೆ ಪರಕೀಯಳಾಗಿ ಬಂದು ಕಾಡುವುದಿಲ್ಲ, ರಕ್ತಸಂಬಂಧಿಯಾಗಿಯೇ ಕಾಡುತ್ತಾಳೆ ಎಂಬ ಧ್ವನಿ ಆ ಪದದ ಬೆನ್ನಿಗಿದೆ. ಅಕ್ಕ ಇದನ್ನು ಉದ್ದೇಶಿಸಿದಳೆಂದು ನಾನು ವಾದಿಸುವುದಿಲ್ಲ. ಕೇಳಿದವರ ಕಿವಿಗೆ ಅದು ಬೀಳದೆ ಇರುವುದು ಸಾಧ್ಯವಿರಲಿಲ್ಲವೆಂದಷ್ಟೇ ಹೇಳುತ್ತೇನೆ. ‘ಅತ್ತೆ: ಗಂಡನ ತಾಯಿ’ ಎಂದು ಟಿಪ್ಪಣಿ ಬರೆದು ಮುಗಿಸುವ ಪಠ್ಯಸಂಪಾದಕರು ಅನುವಾದಕರಿಗಿಂತ ಹೆಚ್ಚು ತಪ್ಪಿತಸ್ಥರು, ಅವರಿಗೆ ಭಾಷಾಂತರದ ಇಕ್ಕಟ್ಟಿನ ನೆವವೂ ಇಲ್ಲ.

ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇಬ್ಬರನ್ನೂ ತಂದೆಯೆಂದು ಕರೆದುಕೊಂಡದ್ದು ಸರ್ವವಿದಿತ. ಇದನ್ನು ಬರಿಯ ರೂಪಕವೆನ್ನುವವರಿದ್ದಾರೆ. ಒಬ್ಬನೇ ತಂದೆಯಿರುವ ಭಾಷೆಯಲ್ಲಿ ಅದು ರೂಪಕವೇ ಸರಿ. ಅಪ್ಪಂದಿರು ಹಲವರಿರುವ ಕನ್ನಡದಲ್ಲಿ ಇನ್ನೊಬ್ಬನನ್ನು ಅಪ್ಪನೆನ್ನುವುದೆಂದರೆ ಅವನನ್ನು ಮನೆಯ ಒಂದು ನಿಶ್ಚಿತ ಸ್ಥಾನದಲ್ಲಿ ಕೂರಿಸುವುದು. ಅವನ ಮಕ್ಕಳು ತನ್ನ ಒಡಹುಟ್ಟಿದವರೆಂದು ಒಪ್ಪುವುದು. ಆ ಸ್ಥಾನಗಳನ್ನು ಜಾತಿಯೊಳಗೇ ತುಂಬಬೇಕೆಂಬ ಕಟ್ಟಳೆಯನ್ನು ಬಸವಣ್ಣನವರು ಮುರಿದರು, ಸ್ಥಾನಗಳನ್ನು ಹಾಗೆಯೇ ಉಳಿಸಿಕೊಂಡರು.