ಕಥೆಯ ಚಿತ್ರಕಾರ ತಂದೆ, ಇತಿಹಾಸದ ಡ್ರಾಯಿಂಗ್ ಮೇಷ್ಟರು

ನಮ್ಮ ಕಥಾಸಾಹಿತ್ಯದಲ್ಲಿ ಚಿತ್ರಕಾರನಿಗೆ ಗೌರವದ ಸ್ಥಾನ ದೊರೆತು ಬಹುಕಾಲವಾಯಿತು. ಅ. ನ. ಕೃಷ್ಣರಾಯರು ‘ಉದಯರಾಗ’ದಲ್ಲಿ ಚಿತ್ರಕಾರನೊಬ್ಬನನ್ನೇ ಕಾದಂಬರಿಯ ನಾಯಕನನ್ನಾಗಿ ಮಾಡಿದರು. ಆದರೆ ಚಿತ್ರಕಾರನು ಸಂಸಾರಸ್ಥನೂ, ಹೊಟ್ಟೆಪಾಡಿಗಾಗಿ ಡ್ರಾಯಿಂಗ್ ಮೇಷ್ಟರೂ ಆದ ಕಥೆಯನ್ನು ನೆನೆದೊಡನೆ ನಮ್ಮ ಮನಸ್ಸಿಗೆ ಒಂದು ಸಿದ್ಧ ಅಚ್ಚು ಬರುತ್ತದೆ: ಶಂಕರಪುರದಂತಹ ಬಡಾವಣೆಯಲ್ಲೊಂದು ಬಾಡಿಗೆಯ ಮನೆ, ಮಾರಾಟವಾಗದ ಚಿತ್ರಗಳು, ದಿನಸಿ ಅಂಗಡಿಯ ಸಾಲ, ಮೌನವಾಗಿ ಸವೆಯುವ ಹೆಂಡತಿ, ತಂದೆಯನ್ನು ಕ್ಷಮಿಸಲಾರದ ಮಗ. ಈ ಅಚ್ಚಿನಲ್ಲಿ ಪಾಠ ಹೇಳುವುದೆಂದರೆ ಕಲಾವಿದನ ಪತನ. ಇತಿಹಾಸವು ಇದನ್ನು ಒಪ್ಪುವುದೇ ಎಂಬುದು ನಮ್ಮ ಪ್ರಶ್ನೆ.

ಕೆ. ವೆಂಕಟಪ್ಪನವರು (1886–1965) ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತರು, ಬ್ರಹ್ಮಚಾರಿಯಾಗಿಯೇ ಬಾಳಿದರು. ಏಕಾಂತ ತಪಸ್ಸಿನ ಆದರ್ಶವು ಅವರಿಗೆ ಹೊಂದುತ್ತದೆ. ಆದರೆ ಅದೇ ಅಳತೆಗೋಲಿನಿಂದ ಸಂಸಾರಸ್ಥನನ್ನು ಅಳೆಯುವುದು ನ್ಯಾಯವಲ್ಲ. ಎ. ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರವನ್ನು ಸ್ಥಾಪಿಸಿದರು. ಅವರು ಚಿತ್ರಕಾರರು, ಅಧ್ಯಾಪಕರು, ತಂದೆಯೂ ಹೌದು. ಅವರ ಮಗ ಎ. ಎಸ್. ಮೂರ್ತಿಯವರು ರಂಗಭೂಮಿಯಲ್ಲಿ ಹೆಸರಾಗಿ, ‘ಅಭಿನಯ ತರಂಗ’ವೆಂಬ ರಂಗಶಾಲೆಯನ್ನು ಕಟ್ಟಿದರು. ತಂದೆಯ ಕುಂಚವನ್ನಲ್ಲದಿದ್ದರೂ ಶಾಲೆ ಕಟ್ಟುವ ಛಲವನ್ನು ಮಗನು ಮುಂದುವರಿಸಿದನೆಂದು ನಾವು ತಿಳಿಯುತ್ತೇವೆ. 1968ರಲ್ಲಿ ಆರ್. ಎಂ. ಹಡಪದರು ಇದೇ ನಗರದಲ್ಲಿ ಕೆನ್ ಕಲಾಶಾಲೆಯನ್ನು ಆರಂಭಿಸಿದುದೂ ಇಲ್ಲಿ ಸ್ಮರಣೀಯ. ಇವರ ಬೋಧನೆಯನ್ನು ಪತನವೆಂದು ಕರೆದರೆ ಬೆಂಗಳೂರಿನ ಆಧುನಿಕ ಚಿತ್ರಕಲೆಗೆ ಬುನಾದಿಯೇ ಉಳಿಯದು.

ಡ್ರಾಯಿಂಗ್ ಮೇಷ್ಟರ ಬಡತನವನ್ನು ಕೇವಲ ಸ್ವಭಾವದೋಷವೆಂದು ಬಗೆಯುವುದೂ ಸಲ್ಲದು. ಮೈಸೂರಿನಲ್ಲಿ 1906ರಲ್ಲಿ ಆರಂಭವಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಹೆಸರೇ, ಅಂದು ಚಿತ್ರಕಲೆಯನ್ನು ಮರಗೆಲಸ, ಕೆತ್ತನೆಗಳ ಸಾಲಿನ ಕಸಬೆಂದು ಎಣಿಸಿದ್ದಕ್ಕೆ ಸಾಕ್ಷಿ. ಅರಮನೆಯ ಹೊರಗೆ ಚಿತ್ರ ಕೊಳ್ಳುವವರು ವಿರಳ. ಇಂತಹ ಕಾಲದಲ್ಲಿ ತಂದೆಯ ಸೋಲು ಅವನೊಬ್ಬನದೇ ಅಲ್ಲ, ಸಮಾಜದ್ದೂ ಹೌದು.

ಹಾಗೆಂದು ಮಗನ ದೂರು ಸುಳ್ಳೆಂದು ನಾವು ಹೇಳುವುದಿಲ್ಲ. ಶಾಲೆಯ ಕೀರ್ತಿಯಿಂದ ಮನೆಯ ಒಲೆ ಉರಿಯದು. ಆದರೆ ಮಗನ ಹಸಿವನ್ನು ಕಂಡ ಕಥೆಗಾರನು ಆ ತಂದೆಯ ತರಗತಿಯೊಳಕ್ಕೂ ಒಮ್ಮೆ ಹೊಕ್ಕು, ಅಲ್ಲಿ ಮೊದಲ ಬಾರಿಗೆ ಗೆರೆ ಎಳೆಯಲು ಕಲಿತ ಹುಡುಗನನ್ನೂ ನೋಡಬೇಕು. ಪಾಠ ಹೇಳಿಯೇ ಬದುಕುವ ನಮ್ಮಂಥವರು ಇದನ್ನು ಕೇಳುವುದರಲ್ಲಿ ಸ್ವಾರ್ಥವೂ ಉಂಟೆಂಬುದನ್ನು ಮರೆಮಾಚುವುದಿಲ್ಲ.