ಉಂಡವರಾರು, ಬರೆದದ್ದು ಯಾರ ಲೆಕ್ಕಕ್ಕೆ?

ದಲಿತ ವಿಮರ್ಶೆ ಎಂದಕೂಡಲೇ ನಾವು ಕತೆ, ಕವಿತೆ, ಆತ್ಮಕಥನಗಳ ಕಡೆ ತಿರುಗುತ್ತೇವೆ. ಆದರೆ ಕೇರಿಯ ಬದುಕಿನ ಬಗ್ಗೆ ಸಾಹಿತಿಗಳಿಗಿಂತ ಹೆಚ್ಚು ಬರೆದುಕೊಂಡಿರುವುದು ಪ್ರಭುತ್ವದ ಸಮೀಕ್ಷೆಗಳು. ಯಾರು ಬಡವರು, ಎಷ್ಟು ಬಡವರು ಅನ್ನೋ ಮಾತು ಅಲ್ಲಿಂದಲೇ ಹುಟ್ಟುತ್ತೆ. ಆದ್ದರಿಂದ ಸಮೀಕ್ಷೆಯ ಪ್ರಶ್ನಾವಳಿಯನ್ನೂ ಒಂದು ಪಠ್ಯವೆಂದು ಓದಬೇಕು. ಅದರ ಖಾಲಿ ಕಾಲಂಗಳಷ್ಟೇ, ಅದರಲ್ಲಿ ಇಲ್ಲದ ಕಾಲಂಗಳೂ ಮಾತಾಡುತ್ತವೆ.

1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಅಳೆಯುವ ಘಟಕ 'ಕುಟುಂಬ'. ಸಾಮಾನ್ಯವಾಗಿ ಒಟ್ಟಿಗೆ ಬದುಕುತ್ತ, ಒಂದೇ ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರು ಒಂದು ಕುಟುಂಬ. ಕೇಳಲಿಕ್ಕೆ ನಿರಪಾಯಕಾರಿ ವ್ಯಾಖ್ಯೆ. ಆದರೆ ನಮ್ಮ ಊರುಗಳಲ್ಲಿ ಅಡುಗೆಮನೆ ಬರೀ ಬೇಯಿಸುವ ಜಾಗವಲ್ಲ, ಮುಟ್ಟಿಸಿಕೊಳ್ಳುವವರು ಯಾರು, ಮುಟ್ಟಿಸಿಕೊಳ್ಳದವರು ಯಾರು ಅನ್ನೋದು ತೀರ್ಮಾನವಾಗುವ ಗಡಿ. ಸಂಖ್ಯಾಶಾಸ್ತ್ರ ಗೆರೆ ಎಳೆದಿರುವುದೂ ಜಾತಿ ಗೆರೆ ಎಳೆದಿರುವುದೂ ಒಂದೇ ಹೊಸ್ತಿಲಲ್ಲಿ. ಗೆರೆಯ ಒಳಗಿನದಕ್ಕೆ ಲೆಕ್ಕ ಸಿಗುತ್ತದೆ. ಗೆರೆ ದಾಟಿ ಹೊರಗೆ ಬರುವ ಅನ್ನದ ಕತೆ ಏನು?

ಬಳಕೆ ವೆಚ್ಚದ ಸಮೀಕ್ಷೆಗಳಲ್ಲಿ ದಶಕಗಳಿಂದ ಒಂದು ನಿಯಮವಿದೆ. ಒಂದು ಮನೆಯಲ್ಲಿ ಬೇಯಿಸಿದ ಊಟವನ್ನು ಆಳಿಗೆ, ನೆಂಟರಿಗೆ, ಭಿಕ್ಷುಕರಿಗೆ ಕೊಟ್ಟರೆ ಅದನ್ನು ಕೊಟ್ಟ ಮನೆಯ ಬಳಕೆಗೇ ಬರೆಯಬೇಕು, ಉಂಡವರ ಮನೆಯ ಲೆಕ್ಕಕ್ಕಲ್ಲ. ಒಂದೇ ಊಟವನ್ನು ಎರಡು ಸಲ ಎಣಿಸಬಾರದು ಎಂಬುದು ಇದರ ಕಾರಣ. ಒಟ್ಟು ಸರಾಸರಿ ಇದರಿಂದ ಕೆಡುವುದಿಲ್ಲ, ನಿಜ. ಆದರೆ ಕೊಡುವವರು ಹೆಚ್ಚಾಗಿ ಉಳ್ಳವರು, ಪಡೆಯುವವರು ಇಲ್ಲದವರು. ಹಾಗಾಗಿ ಉಳ್ಳವರು ಉಂಡದ್ದು ಇರುವುದಕ್ಕಿಂತ ಹೆಚ್ಚಾಗಿಯೂ ಬಡವರು ಉಂಡದ್ದು ಕಡಿಮೆಯಾಗಿಯೂ ಕಾಣುತ್ತದೆ ಎಂದು ಸಮೀಕ್ಷೆಯ ವರದಿಗಳೇ ಒಪ್ಪಿಕೊಂಡಿವೆ.

ಇದರಿಂದ ನಮಗೇನು ನಷ್ಟ, ಬಡವ ಇನ್ನಷ್ಟು ಬಡವನಾಗಿ ಕಂಡರೆ ಒಳ್ಳೆಯದೇ ಅಲ್ವಾ ಅಂತ ಕೆಲವರು ಕೇಳಬಹುದು. ನನ್ನ ತಕರಾರು ಬೇರೆ. ಗೌಡರ ಹೊಲದಲ್ಲಿ ಹಗಲೆಲ್ಲ ದುಡಿದವನು ಕೊಟ್ಟಿಗೆಯ ಪಕ್ಕ ಕೂತು ಉಂಡ ಮುದ್ದೆ ಅವನ ಕೂಲಿಯ ಒಂದು ಭಾಗ. ಅದು ಗೌಡರ ಮನೆಯ ಬಳಕೆ ಎಂದು ದಾಖಲಾದ ಕ್ಷಣ ಕೂಲಿ ಹೋಗಿ ಧಾರಾಳತನವಾಗುತ್ತದೆ. ಎಲ್ಲಿ ಕೂತು ಉಂಡ, ಯಾವ ತಟ್ಟೆಯಲ್ಲಿ ಉಂಡ, ತಟ್ಟೆ ತೊಳೆದಿಟ್ಟವರು ಯಾರು ಎಂಬುದಕ್ಕೆ ಕಾಲಂ ಇಲ್ಲ. ಎರಡು ಮನೆಗಳ ನಡುವಿನ ಸಂಬಂಧವೇ ಜಾತಿ. ಮನೆಗಳನ್ನು ಬಿಡಿಬಿಡಿಯಾಗಿ ಎಣಿಸುವ ವಿಧಾನ ಆ ಸಂಬಂಧವನ್ನೇ ಅಳಿಸಿಬಿಡುತ್ತದೆ.

ದತ್ತಾಂಶದ ಗುಣಮಟ್ಟದ ಬಗ್ಗೆ ಅರ್ಥಶಾಸ್ತ್ರಜ್ಞರು ಬೇಕಾದಷ್ಟು ಜಗಳವಾಡಿದ್ದಾರೆ. 1999-2000ದ ಸುತ್ತಿನಲ್ಲಿ ಆಹಾರದ ಖರ್ಚನ್ನು 7 ದಿನಕ್ಕೂ 30 ದಿನಕ್ಕೂ ಅಕ್ಕಪಕ್ಕದಲ್ಲೇ ಕೇಳಿದ್ದರಿಂದ ಒಂದು ಉತ್ತರ ಇನ್ನೊಂದನ್ನು ಎಳೆಯಿತು, ಬಡತನ ಎಷ್ಟು ಇಳಿಯಿತು ಎಂಬುದೇ ವಿವಾದವಾಯಿತು. 2017-18ರ ಫಲಿತಾಂಶವನ್ನು ಗುಣಮಟ್ಟದ ನೆಪದಲ್ಲಿ ಸರ್ಕಾರ 2019ರಲ್ಲಿ ತಡೆಹಿಡಿಯಿತು. 2022-23ರಲ್ಲಿ ಒಂದೇ ಮನೆಗೆ ಮೂರು ಭೇಟಿ ಕೊಡುವ ವಿಧಾನ ಬಂದದ್ದರಿಂದ 2011-12ರ ಅಂಕಿಗಳ ಪಕ್ಕ ಅದನ್ನು ನೇರವಾಗಿ ಇಡಲಾಗದು. ಇವೆಲ್ಲ ಮುಖ್ಯವೇ. ಆದರೆ ಈ ಚರ್ಚೆಯ ಬಹುಪಾಲು ಉತ್ತರಿಸುವವನ ನೆನಪಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಅವನ ಅಂಜಿಕೆಯನ್ನು ಅಳೆಯುವವರು ಕಡಿಮೆ. ಸಾಲ ಕೊಟ್ಟ ಧಣಿ ಪಕ್ಕದಲ್ಲೇ ನಿಂತಿರುವಾಗ ಸಾಲದ ಪ್ರಶ್ನೆಗೆ ಬರುವ ಉತ್ತರದ ಗುಣಮಟ್ಟ ಎಂಥದು?

2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯನ್ನೇ ನೋಡಿ. ಜೀತದಿಂದ ಬಿಡುಗಡೆಯಾದ ಕುಟುಂಬಗಳನ್ನು ಬಡವರ ಪಟ್ಟಿಗೆ ತಾನಾಗಿಯೇ ಸೇರಿಸಬೇಕೆಂಬ ನಿಯಮ ಅದರಲ್ಲಿತ್ತು. ಆದರೆ ಬಿಡುಗಡೆ 'ಕಾನೂನುಬದ್ಧ'ವಾಗಿರಬೇಕು. ಅಂದರೆ ಇನ್ನೂ ಜೀತದಲ್ಲೇ ಇರುವವನಿಗೆ ಆ ಬಾಗಿಲು ಇಲ್ಲ. ಸಂಕೋಲೆ ಕಳಚಿದ್ದಕ್ಕೆ ಕಾಗದ ಬೇಕು, ಸಂಕೋಲೆಗೆ ಕಾಗದವೇ ಇರುವುದಿಲ್ಲ!

ಬೇರೆ ಥರ ಕೇಳಲು ಸಾಧ್ಯವೇ ಇಲ್ಲ ಎಂದೇನಲ್ಲ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಪ್ರಶ್ನೆಯನ್ನು ಆಚೆ ಮನೆಯ ಕಡೆಗೆ ತಿರುಗಿಸಿತು. ನಿಮ್ಮ ಮನೆಯಲ್ಲಿ ಅಸ್ಪೃಶ್ಯತೆ ಆಚರಿಸುತ್ತೀರಾ, ಇಲ್ಲವೆಂದರೆ ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬರಬಹುದೇ, ಪಾತ್ರೆ ಬಳಸಬಹುದೇ ಎಂದು ಕೇಳಿತು. ಸುಮಾರು 27% ಕುಟುಂಬಗಳು ಒಂದಲ್ಲ ಒಂದು ಬಗೆಯಲ್ಲಿ ಅಸ್ಪೃಶ್ಯತೆಯನ್ನು ಒಪ್ಪಿಕೊಂಡವು. ಬಾಯಿಬಿಟ್ಟು ಒಪ್ಪಿಕೊಂಡವರ ಲೆಕ್ಕವೇ ಇಷ್ಟು. ಅದೇ ಅಡುಗೆಮನೆ, ಆದರೆ ಈ ಸಲ ಅದು ಕುಟುಂಬದ ವ್ಯಾಖ್ಯೆಯಲ್ಲ, ಕುಟುಂಬದ ಮೇಲಿನ ಸಾಕ್ಷಿ.

ಅಂಕಿ-ಅಂಶಗಳೆಲ್ಲ ಮೇಲ್ಜಾತಿಯವರ ಆಟ, ನಮಗೆ ಅನುಭವವೇ ಸಾಕು ಎಂದು ನಮ್ಮಲ್ಲೇ ಕೆಲವು ಗೆಳೆಯರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. 2022-23ರಲ್ಲಿ ಗ್ರಾಮೀಣ ಪರಿಶಿಷ್ಟ ಜಾತಿಯವರ ತಲಾ ಮಾಸಿಕ ಖರ್ಚು 3,474 ರೂಪಾಯಿ, ಮೀಸಲಾತಿಯ ಯಾವ ಗುಂಪಿಗೂ ಸೇರದ 'ಇತರ'ರದು 4,392 ರೂಪಾಯಿ. ಈ ಅಂತರವನ್ನು ಅನುಭವವೊಂದೇ ಸಾಬೀತು ಮಾಡಲಾರದು. 2024ರಲ್ಲಿ ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ಒಪ್ಪಿಗೆ ಕೊಟ್ಟಾಗಲೂ ಕೇಳಿದ್ದು ದತ್ತಾಂಶವನ್ನೇ. ನಮ್ಮ ರಾಜ್ಯದಲ್ಲಿ 2025ರ ನಾಗಮೋಹನ್ ದಾಸ್ ಆಯೋಗ ಮನೆಮನೆಗೆ ಹೋಗಬೇಕಾಯಿತು. ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳ ಹಿಂದಿನ ಮೂಲಜಾತಿ ಯಾವುದೆಂಬ ಒಂದೇ ಕಾಲಂ ಎಷ್ಟು ಜನರ ಪಾಲನ್ನು ನಿರ್ಧರಿಸುತ್ತದೆ ಅನ್ನೋದನ್ನು ಆಗ ಎಲ್ಲರೂ ಕಂಡೆವು.

ದೇಶದಾದ್ಯಂತ ಕುಟುಂಬಗಳ ಆದಾಯ ಸಮೀಕ್ಷೆ ನಡೆಸುವುದಾಗಿ ಕೇಂದ್ರ 2025ರಲ್ಲಿ ಪ್ರಕಟಿಸಿತು. ಹಿಂದೆ ಪ್ರಾಯೋಗಿಕವಾಗಿ ಕೇಳಿ ನೋಡಿದಾಗ ಜನ ಹೇಳಿದ ಆದಾಯ ಅವರ ಖರ್ಚು-ಉಳಿತಾಯಕ್ಕಿಂತ ಕಡಿಮೆ ಬಂದು ಆ ಯತ್ನ ಅಲ್ಲಿಗೇ ನಿಂತಿತ್ತು. ಆದಾಯವನ್ನು ಕೇಳುವುದೇ ಆದರೆ ನಮ್ಮ ಸಂಘಟನೆಗಳು ಪ್ರಶ್ನಾವಳಿಯನ್ನು ತರಿಸಿಕೊಂಡು ಓದಬೇಕು. ಕೂಲಿಯಾಗಿ ಸಿಕ್ಕ ಊಟಕ್ಕೆ ಉಂಡವನ ಲೆಕ್ಕದಲ್ಲಿ ಕಾಲಂ ಇದೆಯೇ? ಕೂಲಿಯಲ್ಲಿ ಸಾಲಕ್ಕೆ ಮುರಿದುಕೊಂಡದ್ದೆಷ್ಟು? ಹೆಂಗಸರ ಗಳಿಕೆಯನ್ನು ಹೆಂಗಸರನ್ನೇ ಕೇಳಿದರೇ? ಕೇಳುವಾಗ ಅಲ್ಲಿ ಯಾರು ಯಾರು ನಿಂತಿದ್ದರು? ವರದಿ ಬಂದ ಮೇಲೆ ಧಿಕ್ಕಾರ ಕೂಗುವುದು ಸುಲಭ. ನಮೂನೆ ಅಚ್ಚಾಗುವ ಮೊದಲೇ ಅದರ ಮೇಲೆ ಜಗಳ ತೆಗೆಯುವುದೂ ದಲಿತ ವಿಮರ್ಶೆಯ ಕೆಲಸವೇ.